ಒಬ್ಬರಿಗೆ ಕೊಡದ ಕೋಣೆ

ಸಿಡ್ನಿಯ ಸೆಂಟ್ರಲ್ ಸ್ಟೇಷನ್ನಿನ ಹತ್ತಿರ, ಒಂದು ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ ನಮ್ಮ ಆಫೀಸು ಇತ್ತು. ನಾವು ಮಾರುತ್ತಿದ್ದದ್ದು ಜಪಾನ್ ಪ್ರವಾಸ. ಅಗ್ಗದ್ದಲ್ಲ. ನಿವೃತ್ತ ವಕೀಲರು, ಹಲ್ಲಿನ ಡಾಕ್ಟರುಗಳು, ಕುರಿ ಸಾಕಿ ದುಡ್ಡು ಮಾಡಿ ಜಮೀನನ್ನು ಮಕ್ಕಳಿಗೆ ವಹಿಸಿಕೊಟ್ಟು ಬಂದ ಗಂಡಹೆಂಡಿರು, ಇಂಥವರು ನಮ್ಮ ಗಿರಾಕಿಗಳು. ಹಳೆಯ ಜಪಾನ್ ಮತ್ತು ಹೊಸ ಜಪಾನ್ ಎರಡನ್ನೂ ತೋರಿಸುತ್ತೇವೆ ಎನ್ನುವುದು ನಮ್ಮ ಹೆಗ್ಗಳಿಕೆ. ಹಳೆಯದೆಂದರೆ ಕ್ಯೋಟೋ ನಗರದ ಒಂದು ಸಾಂಪ್ರದಾಯಿಕ ವಸತಿಗೃಹ, ಚಾಪೆ ಹಾಸಿದ ನೆಲ, ಕಾಗದದ ಬಾಗಿಲು, ಕೋಣೆಗೇ ಬರುವ ಊಟ. ಹೊಸದೆಂದರೆ ಬುಲೆಟ್ ರೈಲು ಹತ್ತಿ ಟೋಕಿಯೋ, ಅಲ್ಲಿ ಗಾಜಿನ ಲಿಫ್ಟಿರುವ ಹೋಟೆಲು.

ಇದನ್ನೆಲ್ಲ ಬ್ರೋಷರಿನಲ್ಲಿ ಬಣ್ಣಿಸಿ ಬರೆಯುತ್ತಿದ್ದವನು ನಾನು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಆಸ್ಟ್ರೇಲಿಯಕ್ಕೆ ಬಂದಿದ್ದೆ. ಜಪಾನಿಗೆ ಹೋಗಿರಲಿಲ್ಲ. ನಕ್ಷೆ ನೋಡಿ, ಫೋಟೋ ನೋಡಿ, ಹೋಗಿ ಬಂದವರನ್ನು ಕೇಳಿ ಬರೆಯುತ್ತಿದ್ದೆ. ನನಗೆ ಅದರಲ್ಲೇನೂ ಕಷ್ಟವಿರಲಿಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕಡಲೆಕಾಯಿ ಮೂಟೆ ಹೊರುತ್ತಿದ್ದ ಹಮಾಲನ ಮಗ ನಾನು. ನಮ್ಮ ಮನೆತನದಲ್ಲಿ ಬಿ.ಕಾಂ. ಎಂಬ ಅಕ್ಷರಗಳನ್ನು ಹೆಸರಿನ ಮುಂದೆ ಹಾಕಿಕೊಂಡವನು ನಾನೊಬ್ಬನೇ. ಕಾಣದ್ದನ್ನು ಓದಿ ತಿಳಿದುಕೊಂಡು ಪರೀಕ್ಷೆಯಲ್ಲಿ ಬರೆಯುವುದೇ ನನ್ನ ಬದುಕಾಗಿತ್ತು. ಸಮುದ್ರವನ್ನೂ ಹಾಗೆಯೇ ಬರೆದು ಮಾರ್ಕ್ಸು ತೆಗೆದುಕೊಂಡಿದ್ದೆ.

ನಾನಿದ್ದದ್ದು ಹ್ಯಾರಿಸ್ ಪಾರ್ಕ್ ಎಂಬ ಬಡಾವಣೆಯಲ್ಲಿ, ಒಂದು ಮನೆಯ ಹಿಂದಿನ ಕೋಣೆಯಲ್ಲಿ. ಬೆಳಗ್ಗೆ ರೈಲು, ಸಂಜೆ ರೈಲು. ಬರುವ ದಾರಿಯಲ್ಲಿ ಬೇಳೆ, ಹುಣಸೆಹಣ್ಣು ಕೊಳ್ಳುತ್ತಿದ್ದೆ. ಅಂಗಡಿಯವನ ಜೊತೆ ಹಿಂದಿಯಲ್ಲಿ ನಾಲ್ಕು ಮಾತು. ಅದಾದ ಮೇಲೆ ಮರುದಿನ ಬೆಳಗಿನವರೆಗೆ ನನ್ನ ಬಾಯಿಗೆ ಕೆಲಸವಿರುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ. ಮೆಲ್ಬರ್ನಿನಿಂದ ನಮ್ಮ ಕನ್ನಡದ ದಂಪತಿಗಳು ನವೆಂಬರಿನ ಪ್ರವಾಸಕ್ಕೆ ಬುಕ್ ಮಾಡಿದ್ದರು. ಆತ ಮೈಸೂರಿನ ಡಾಕ್ಟರು, ಆಕೆ ಮನೆ ನೋಡಿಕೊಂಡಿದ್ದವರು, ಮಕ್ಕಳಿರಲಿಲ್ಲ. ನಮ್ಮ ಜನ ರಜ ಸಿಕ್ಕಿದರೆ ಊರಿಗೆ ಹೋಗುತ್ತಾರೆ. ಜಪಾನಿಗೆ ಹೊರಟವರನ್ನು ನಾನು ನೋಡಿದ್ದು ಅದೇ ಮೊದಲು. ಹೊರಡಲು ಇನ್ನೂ ತಿಂಗಳುಗಳಿರುವಾಗ ಡಾಕ್ಟರು ಹೃದಯಾಘಾತದಿಂದ ತೀರಿಕೊಂಡರು. ದುಡ್ಡು ವಾಪಸ್ ಕೊಡುತ್ತೇವೆಂದು ನಮ್ಮ ಆಫೀಸಿನ ಒಡತಿ ಪತ್ರ ಬರೆದರು. ಡಾಕ್ಟರ ಹೆಂಡತಿ ಫೋನ್ ಮಾಡಿ, ವಾಪಸ್ ಬೇಡ, ನಾನೊಬ್ಬಳೇ ಹೋಗುತ್ತೇನೆ ಎಂದರು.

ಟೋಕಿಯೋದ ಹೋಟೆಲು ಒಂದೇ ಫ್ಯಾಕ್ಸಿನಲ್ಲಿ ಒಪ್ಪಿಕೊಂಡಿತು. ಕ್ಯೋಟೋದ ವಸತಿಗೃಹ ಮಾತ್ರ ಆಗುವುದಿಲ್ಲ ಎಂದಿತು. ಇಬ್ಬರ ಬಾಡಿಗೆ ಕೊಡುತ್ತಾರಂತೆ ಎಂದು ಬರೆದೆವು. ಕ್ಷಮಿಸಬೇಕು, ಆದರೂ ಆಗುವುದಿಲ್ಲ.

ಜಪಾನಿನ ಫೋನುಗಳನ್ನೆಲ್ಲ ನಮ್ಮಲ್ಲಿ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಜಪಾನಿ ಹೆಂಗಸು. ಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯದ ಸಿಪಾಯಿಯೊಬ್ಬನನ್ನು ಮದುವೆಯಾಗಿ ಬಂದವರು. ಇಬ್ಬರ ದುಡ್ಡು ಬಂದರೂ ಯಾಕೆ ಬೇಡವಂತೆ ಎಂದು ಅವರನ್ನು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಅಂಥ ಹಳೇ ಮನೆಗಳಿಗೆ ಒಂಟಿಯಾಗಿ ಬರೋರನ್ನ ಕಂಡ್ರೆ ಭಯ," ಎಂದರು. "ಅದರಲ್ಲೂ ಹೆಂಗಸರು. ಒಳ್ಳೇ ಕೋಣೆ ಹಿಡೀತಾರೆ, ಒಳ್ಳೇ ಊಟ ಮಾಡ್ತಾರೆ, ಬೆಳಗ್ಗೆ ಏಳೋದಿಲ್ಲ. ಹಿಂದೆ ಹಾಗೆ ಆಗಿದೆ. ಅದಕ್ಕೇ ಒಬ್ಬರಿಗೆ ಕೋಣೆ ಕೊಡಲ್ಲ."

ಬೆಂಗಳೂರಿನಲ್ಲಿ ಏರ್‌ಲೈನ್ ಟಿಕೆಟ್ ಆಫೀಸಿನ ಕೆಲಸ ಸಿಕ್ಕಿದಾಗ ಬಾಡಿಗೆ ಮನೆ ಹುಡುಕಿಕೊಂಡು ಅಲೆದದ್ದು ನೆನಪಾಯಿತು. ಗೇಟಿನಾಚೆ ನಿಲ್ಲಿಸಿಯೇ ಕೇಳುತ್ತಿದ್ದರು: ಒಬ್ರೇನಾ? ಬ್ಯಾಚುಲರ್‌ಗೆ ಕೊಡಲ್ಲಪ್ಪ. ಅವರು ನಾನು ಕೆಟ್ಟವನೆಂದು ಹೆದರುತ್ತಿದ್ದರು, ಕ್ಯೋಟೋದವರು, ಬಂದವರು ಜೀವ ತೆಗೆದುಕೊಳ್ಳುತ್ತಾರೆಂದು ಹೆದರುತ್ತಾರೆ. ಗೇಟು ಮಾತ್ರ ಒಂದೇ ಥರ ಮುಚ್ಚಿಕೊಳ್ಳುತ್ತದೆ.

"ಬೇರೆ ಹೋಟೆಲಿಗೆ ಹಾಕೋಣ," ಎಂದರು ಒಡತಿ. ಮೆಲ್ಬರ್ನಿಗೆ ಫೋನ್ ಮಾಡಿ ಹಾಗೆಂದು ಹೇಳಿದೆ. ಆಕೆ ಒಪ್ಪಲಿಲ್ಲ. "ಹೋಟ್ಲಲ್ಲಿ ಇರೋಕೆ ಜಪಾನ್ ಯಾಕೆ, ಇಲ್ಲೇ ಇದೆಯಲ್ಲ. ಆ ಮನೇಗೇ ಹೋಗ್ಬೇಕು," ಎಂದರು. ಇನ್ನೊಮ್ಮೆ ಕೇಳಿ ನೋಡೋಣ ಎಂದು ಒಡತಿಯನ್ನು ಒತ್ತಾಯಿಸಿದೆ. ಜಪಾನಿ ಹೆಂಗಸು ತಲೆಯಾಡಿಸಿದರು. "ಕೇಳಬಹುದು. ಆದರೆ ಆಕೆ ತಿರುಗಿ ಬರ್ತಾಳೆ ಅಂತ ನಮ್ಮಲ್ಲಿ ಯಾರಾದರೂ ಮಾತು ಕೊಡಬೇಕು. ಫೋನಲ್ಲಿ ದನಿ ಕೇಳಿ ಮಾತು ಕೊಡೋಕಾಗಲ್ಲ. ನಾನಂತೂ ಕೊಡಲ್ಲ."

ಮೆಲ್ಬರ್ನಿನಲ್ಲಿ ಟ್ರಾವೆಲ್ ಮೇಳವೊಂದಕ್ಕೆ ನಾನು ಹೇಗೂ ಹೋಗುವುದಿತ್ತು. ನಿನ್ನ ಭಾಷೆಯವರಲ್ಲವೇ, ಮನೆಗೆ ಹೋಗಿ ನೋಡಿ ಬಾ ಎಂದರು ಒಡತಿ.

ಆಕೆಯ ಮನೆ ಗ್ಲೆನ್ ವೇವರ್ಲಿಯಲ್ಲಿ. ಸೆಪ್ಟೆಂಬರಿನಲ್ಲಿ ಅಲ್ಲಿ ವಸಂತ, ಆದರೂ ಚಳಿ ಬಿಟ್ಟಿರಲಿಲ್ಲ. ಸ್ಟೇಷನ್ನಿನಿಂದ ನಡೆದುಕೊಂಡು ಹೋದೆ. ಬಾಗಿಲು ತೆರೆದವರು ನರೆಗೂದಲಿನ, ಸಣ್ಣ ಆಳು.

"ನಡ್ಕೊಂಡು ಬಂದ್ರಾ? ಒಂದು ಫೋನ್ ಮಾಡಿದ್ರೆ ಕಾರ್ ತರ್ತಿದ್ನಲ್ಲ."

"ಪರವಾಗಿಲ್ಲ ಮೇಡಂ."

"ಮೇಡಂ ಗೀಡಂ ಬೇಡ. ಎಲ್ರೂ ಆಂಟಿ ಅಂತಾರೆ, ನೀವೂ ಹಾಗೇ ಅನ್ನಿ. ಯಾವೂರು ನಿಮ್ದು?"

"ಚಳ್ಳಕೆರೆ."

"ಓ. ಅಲ್ಲಿ ಯಾರ ಪೈಕಿ?"

ಈ ಪ್ರಶ್ನೆಗೆ ನನ್ನ ಹತ್ತಿರ ಸದಾ ಒಂದು ಉತ್ತರ ಸಿದ್ಧವಿರುತ್ತದೆ. "ಹಮಾಲರ ಪೈಕಿ. ನಮ್ಮಪ್ಪ ಎಣ್ಣೆ ಮಿಲ್ಲಲ್ಲಿ ಮೂಟೆ ಹೊರ್ತಿದ್ರು."

ಆಕೆ ನನ್ನನ್ನು ಒಂದು ಗಳಿಗೆ ನೋಡಿದರು. "ಹಾಗಾದ್ರೆ ಚೆನ್ನಾಗಿ ಊಟ ಮಾಡ್ತೀರ. ಬನ್ನಿ, ಹುಳಿ ಮಾಡಿದೀನಿ."

ಒಳಗೆ ಕಾಲಿಟ್ಟಾಗ ನನಗೆ ದಿಗಿಲಾಯಿತು. ಪುಸ್ತಕದ ಶೆಲ್ಫುಗಳು ಖಾಲಿ. ಗೋಡೆಯಲ್ಲಿ ಮೊಳೆಗಳಿದ್ದವು, ಚಿತ್ರಗಳಿರಲಿಲ್ಲ. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು, ಅವುಗಳಲ್ಲಿ ಗಂಡಸರ ಸೂಟು, ಶರಟು, ಬೂಟು. ಎಲ್ಲ ದಾನಕ್ಕೆ ಎಂದರು. ಸಾಮಾನು ಒಂದೊಂದೇ ಕೈ ಬಿಡುತ್ತಿರುವ ಮನೆ. ಕ್ಯೋಟೋದವರ ಭಯ ಸುಳ್ಳಲ್ಲವೇನೋ ಅನ್ನಿಸಿತು.

ಆಕೆ ಪೆಟ್ಟಿಗೆಯಿಂದ ಉಣ್ಣೆಯ ಕಪ್ಪು ಕೋಟೊಂದನ್ನು ಎತ್ತಿ ನನ್ನ ಭುಜಕ್ಕೆ ಹಿಡಿದರು. "ನಿಮ್ಗೆ ಸರಿಹೋಗುತ್ತೆ ನೋಡಿ. ತಗೊಂಡ್ಹೋಗಿ."

"ಬೇಡ ಆಂಟಿ."

"ಸತ್ತೋರ ಬಟ್ಟೆ ಅಂತಾನಾ?"

"ಅದಕ್ಕಲ್ಲ. ಡಿಗ್ರಿ ಮುಗಿಯೋವರೆಗೂ ಬೇರೆಯವರ ಬಟ್ಟೇನೇ ಹಾಕಿದ್ದು. ರಿಸಲ್ಟ್ ಬಂದ ದಿನ ನಿಲ್ಲಿಸ್ದೆ."

"ಇದು ಒಳ್ಳೇ ಕಾರಣ," ಎಂದು ಕೋಟನ್ನು ಮಡಿಸಿ ಒಳಗಿಟ್ಟರು.

ಅಡುಗೆಮನೆಯ ಮೇಜಿನ ಮೇಲೆ ತಟ್ಟೆ ಹಾಕಿದ್ದರು. ಒಂದೇ. ಅನ್ನ, ಹುಳಿ, ಬೀನ್ಸ್ ಪಲ್ಯ ಬಡಿಸಿ ಸೌಟು ಹಿಡಿದು ಪಕ್ಕದಲ್ಲಿ ನಿಂತರು. ನಿಮ್ಮ ಊಟ ಎಂದರೆ, ಆಮೇಲೆ, ಆಮೇಲೆ ಎಂದರು. ನಾನು ಎರಡು ತುತ್ತು ತಿಂದೆ. ಸುತ್ತಿ ಬಳಸಿ ಕೇಳಲು ನನಗೆ ಬರುವುದಿಲ್ಲ.

"ಆಂಟಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ವಾಪಸ್ ಬರ್ತೀರ ತಾನೆ?"

"ಟಿಕೆಟ್ ಮಾಡಿದ್ದು ನೀವೇ ಅಲ್ವಾ? ರಿಟರ್ನ್ ಇದೆಯಲ್ಲ."

"ಟಿಕೆಟ್ ವಿಷಯ ಅಲ್ಲ." ವಸತಿಗೃಹದವರು ಯಾಕೆ ಒಲ್ಲೆ ಎನ್ನುತ್ತಿದ್ದಾರೆಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

ಆಕೆ ಸೌಟನ್ನು ಪಾತ್ರೆಯಲ್ಲಿ ಇಟ್ಟರು. ಕಿಟಕಿಯಾಚೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುತ್ತಿದ್ದ.

"ಇದನ್ನ ಯಾರೂ ಕೇಳಿರ್ಲಿಲ್ಲ," ಎಂದರು. "ಎಲ್ರೂ ಬಂದ್ರು. ಡಬ್ಬೀಲಿ ಪುಳಿಯೋಗರೆ ತಂದ್ರು, ಧೈರ್ಯವಾಗಿರಿ ಅಂದ್ರು. ಇದನ್ನ ಮಾತ್ರ ಕೇಳ್ಲಿಲ್ಲ. ಮೊದಲ ತಿಂಗಳು ಕೇಳಿದ್ರೆ ಏನು ಹೇಳ್ತಿದ್ನೋ ನಂಗೇ ಗೊತ್ತಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಬ್ರೋಷರ್‌ನಲ್ಲಿದೆಯಲ್ಲ, ಊಟ ರೂಮಿಗೇ ಬರುತ್ತೆ, ಒಂದೊಂದೇ ಬಟ್ಟಲು, ಒಬ್ಬಾಕೆ ಎದುರಿಗೆ ಮಂಡಿಯೂರಿ ಕೂತು ಬಡಿಸ್ತಾಳೆ ಅಂತ."

"ಅದು ನಾನೇ ಬರ್ದಿದ್ದು."

"ಚೆನ್ನಾಗಿ ಬರ್ದಿದೀರ. ಮದುವೆ ಆದಾಗಿಂದ ನಾನೇ ಬಡಿಸಿದೀನಿ. ಅವರಿಗೆ, ಬಂದೋರಿಗೆ, ಹೋದೋರಿಗೆ. ಈಗ ಸಿಂಕ್ ಹತ್ರ ನಿಂತ್ಕೊಂಡು ತಿಂತೀನಿ, ಪಾತ್ರೇಲೇ. ಯಾರಾದ್ರೂ ಕೂರಿಸಿ ಬಡಿಸಿದ್ರೆ ಊಟ ಮಾಡ್ಬಹುದು ಅನ್ಸುತ್ತೆ. ಅಷ್ಟಕ್ಕೇ ಹೋಗ್ತಿರೋದು. ಸಾಯೋದಿದ್ರೆ ಅಷ್ಟು ಒಳ್ಳೇ ಊಟ ಯಾಕೆ ಬುಕ್ ಮಾಡ್ಲಿ? ದಂಡ ಅಲ್ವಾ?"

"ಮತ್ತೆ ಈ ಪೆಟ್ಟಿಗೆಗಳು?"

"ಬೀರು ತೆಗೆದ್ರೆ ಅವರ ವಾಸನೆ ಬರುತ್ತೆ. ಇನ್ನೊಂದು ಚಳಿಗಾಲ ಇದೇ ಮನೇಲಿ ಇರ್ಬೇಕಲ್ಲ ನಾನು."

ನಾನು ಎದ್ದು ಕೈ ತೊಳೆದುಕೊಂಡೆ. ಶೆಲ್ಫಿನಿಂದ ಇನ್ನೊಂದು ತಟ್ಟೆ ತೆಗೆದೆ. "ಕೂತ್ಕೊಳ್ಳಿ ಆಂಟಿ, ನಾನು ಬಡಿಸ್ತೀನಿ." ಆಕೆ ತಮ್ಮ ಅಡುಗೆಮನೆಯ ಸೌಟನ್ನು ನನ್ನ ಕೈಗೆ ಕೊಡಲು ಒಂದು ಗಳಿಗೆ ಹಿಂದೆಮುಂದೆ ನೋಡಿದರು. ಯಾಕೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಮೇಲೆ ಕೊಟ್ಟರು. ಕೂತು, ಎರಡು ಸಲ ಹಾಕಿಸಿಕೊಂಡು ತಿಂದರು.

"ಬಡಿಸೋಕೆ ಬರಲ್ಲ ನಿಮ್ಗೆ," ಎಂದರು ಕೊನೆಗೆ. "ಹುಳೀನ ಅನ್ನದ ಮಧ್ಯಕ್ಕೆ ಹಾಕ್ತಾರಾ, ಯಾರಾದ್ರೂ?"

ಸಿಡ್ನಿಗೆ ಬಂದು ಜಪಾನಿ ಹೆಂಗಸಿಗೆ, ಆಕೆ ತಿರುಗಿ ಬರುತ್ತಾರೆ, ನಾನು ಮಾತು ಕೊಡುತ್ತೇನೆ ಎಂದೆ. ಹೇಗೆ ಗೊತ್ತು ಎಂದು ಕೇಳಿದರು. ಅವರನ್ನೇ ಕೇಳಿದೆ ಎಂದೆ. ಜಪಾನಿ ಹೆಂಗಸು ಫೋನೆತ್ತಿಕೊಂಡರು. ಆ ಕರೆಯಲ್ಲಿ ಅವರ ತಲೆ ಎಷ್ಟೋ ಸಲ ತಾನಾಗಿ ಬಾಗಿತು. ಕೊನೆಗೆ ವಸತಿಗೃಹದ ಯಜಮಾನಿ ಒಪ್ಪಿದರು. ಮೀನಿನ ಸಾರು ಬಿಟ್ಟು ಕಡಲಪಾಚಿಯ ಸಾರಿನಲ್ಲಿ ತರಕಾರಿ ಅಡುಗೆ ಮಾಡಲೂ ಒಪ್ಪಿದರು. ಒಂದೇ ಷರತ್ತು: ಪ್ರತಿದಿನ ಸಂಜೆ ಊಟವಾದ ಮೇಲೆ ಆಕೆಯ ಕಡೆಯವರು ಯಾರಾದರೂ ಫೋನ್ ಮಾಡಬೇಕು.

ಮೆಲ್ಬರ್ನಿಗೆ ಹೇಳಿದಾಗ ಆಂಟಿ, "ಇಲ್ಲಿ ಯಾರಿಗೂ ಹೇಳ್ಬೇಡಿ. ಗಂಡ ಹೋಗಿ ವರ್ಷ ತುಂಬಿಲ್ಲ, ಜಪಾನ್ ಟೂರಂತೆ ಅಂತ ಇಡೀ ಕನ್ನಡ ಸಂಘ ಆಡ್ಕೊಳ್ಳುತ್ತೆ. ನೀವೇ ಮಾಡ್ತೀರಾ?" ಎಂದರು.

ಹೀಗೆ ನಾನು ಆಕೆಯ ಕಡೆಯವನಾದೆ.

ನವೆಂಬರಿನಲ್ಲಿ ಕ್ಯೋಟೋ ನಮಗಿಂತ ಎರಡು ಗಂಟೆ ಹಿಂದೆ. ಎಲ್ಲರೂ ಮನೆಗೆ ಹೋದ ಮೇಲೆ ನಾನು ಆಫೀಸಿನಲ್ಲೇ ಉಳಿಯುತ್ತಿದ್ದೆ. ಜಪಾನಿ ಹೆಂಗಸು ನನಗೆ ಎರಡು ವಾಕ್ಯ ಬಾಯಿಪಾಠ ಮಾಡಿಸಿದ್ದರು: ನಮಸ್ಕಾರ, ಸಿಡ್ನಿಯಿಂದ. ಅವರ ಊಟ ಆಯಿತೇ? ಆ ಕಡೆಯ ದನಿ ನಿಧಾನವಾಗಿ, ನನಗೆ ಅರ್ಥವಾಗಲೆಂದು ಬಿಡಿಸಿ ಹೇಳುತ್ತಿತ್ತು: "ಝೆಂಬು ತಬೆಮಾಶಿತ." ಎಲ್ಲ ತಿಂದರು. ಒಂದು ದಿನ ಆ ದನಿ ಇಂಗ್ಲಿಷ್ ಹುಡುಕಿಕೊಂಡು, "ಬದನೆಕಾಯಿ, ಬೇಡ ಅಂದರು," ಎಂದಿತು. ನನಗಿಂತ ಹೆಚ್ಚಿನ ಚಿಂತೆ ಅದರಲ್ಲಿತ್ತು. ಫೋನಿಟ್ಟು ರೈಲು ಹತ್ತುತ್ತಿದ್ದೆ. ಆ ದಿನಗಳಲ್ಲಿ ಕೋಣೆಗೆ ಹೋದಮೇಲೆ ನಾನೂ ಪಾತ್ರೆಯಿಂದ ತಟ್ಟೆಗೆ ಬಡಿಸಿಕೊಂಡೇ ತಿಂದೆ.

ಕ್ಯೋಟೋದ ಕೊನೆಯ ಸಂಜೆ ಫೋನಿಗೆ ಆಂಟಿಯೇ ಬಂದರು.

"ಊಟ ಆಯ್ತೇನ್ರಿ?"

ಆ ಪ್ರಶ್ನೆಯನ್ನು ದಿನವೂ ಕೇಳುತ್ತಿದ್ದವನು ನಾನು. "ಇಲ್ಲ ಆಂಟಿ, ಈಗ ಮನೆಗೆ ಹೋಗಿ ಮಾಡ್ತೀನಿ."

"ಇಷ್ಟು ಹೊತ್ತಾದ್ರೂ? ನೋಡಿ, ಈಕೆ ಕೂತು ಬಡಿಸ್ತಾಳೆ ಅಂತ ಬರ್ದಿದೀರ, ಸರಿ. ಹೊರಗೆ ಹೋಗೋವಾಗ ಕೈ ತಟ್ಟೆ ಮೇಲಿಟ್ಟು ತಿನ್ನಿ ತಿನ್ನಿ ಅಂತ ಸನ್ನೆ ಮಾಡ್ತಾಳೆ. ಅದನ್ನ ಬರ್ದಿಲ್ಲ. ಸೇರಿಸಿ." ಸ್ವಲ್ಪ ಬಿಟ್ಟು ಕೇಳಿದರು, "ನಾಳೆ ಫೋನ್ ಮಾಡ್ಬೇಕಾಗಿಲ್ಲ, ಅಲ್ವಾ?"

"ಇಲ್ಲ. ನಾಳೆ ಟೋಕಿಯೋ. ಅಲ್ಲಿ ಯಾರೂ ಕೇಳಲ್ಲ."

"ಹೌದು," ಎಂದರು. "ಅಲ್ಲಿ ಯಾರೂ ಕೇಳಲ್ಲ."

ಟೋಕಿಯೋದಲ್ಲಿ ಆಕೆ ಇದ್ದಷ್ಟು ದಿನ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗಾಜಿನ ಲಿಫ್ಟು, ಎತ್ತರದ ಕೋಣೆ, ಬೀಗದ ಕೈಯ ಬದಲು ಕಾರ್ಡು, ಎಲ್ಲವನ್ನೂ ನಾನೇ ಹೊಗಳಿ ಬರೆದಿದ್ದೆ. ಈಗ ಅವೆಲ್ಲ ಬೇರೆ ಥರ ಕಾಣುತ್ತಿದ್ದವು. ಹೋಟೆಲಿಗೆ ಫೋನ್ ಮಾಡಿದರೆ ಕೋಣೆಯ ನಂಬರ್ ಕೇಳುತ್ತಾರೆ, ಅಷ್ಟೇ. ತಿಂದರೇ ಎಂದು ಯಾರನ್ನು ಕೇಳುವುದು?

ಆಕೆಯ ವಿಮಾನ ಮೆಲ್ಬರ್ನಿನಲ್ಲಿ ಇಳಿಯುವ ಬೆಳಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದೆ. ಜಪಾನಿ ಹೆಂಗಸು ನನಗಿಂತ ಮೊದಲೇ ಬಂದು ಕೂತಿದ್ದರು. ಫೋನ್ ಬಂತು. ಏರ್‌ಪೋರ್ಟಿನ ಗದ್ದಲ, ಟ್ರಾಲಿಗಳ ಸದ್ದು.

"ಬಂದೆ," ಎಂದರು ಆಂಟಿ. ಫೋನಿಗೆ ಹಾಕಲು ಚಿಲ್ಲರೆ ಇರಲಿಲ್ಲವೋ ಏನೋ, ಅಷ್ಟಕ್ಕೇ ಲೈನು ಕಡಿಯಿತು.

ಜಪಾನಿ ಹೆಂಗಸು ನನ್ನ ಮುಖ ನೋಡಿ, ಕೇಳದೆಯೇ, ಕ್ಯೋಟೋದ ನಂಬರ್ ತಿರುಗಿಸಿದರು. ಒಂದು ವಾಕ್ಯ ಹೇಳಿದರು. ಆ ಕಡೆಯಿಂದ ದೊಡ್ಡ ಉಸಿರು ಹೊರಬಿದ್ದದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು.

ಆ ಸಂಜೆ ಎಲ್ಲರೂ ಹೋದ ಮೇಲೂ ನಾನು ಕೂತಿದ್ದೆ. ಹೊತ್ತಾದಾಗ ಕೈ ಫೋನಿನ ಕಡೆ ಹೋಯಿತು. ಕಸ ಗುಡಿಸಲು ಬಂದವಳು, ಇನ್ನೂ ಯಾರಿಗಾದರೂ ಫೋನ್ ಮಾಡುವುದಿದೆಯಾ, ದೀಪ ಆರಿಸಬಹುದಾ ಎಂದು ಕೇಳಿದಳು. ಆರಿಸಮ್ಮ ಎಂದು ಕನ್ನಡದಲ್ಲೇ ಹೇಳಿ, ಬ್ಯಾಗು ತೆಗೆದುಕೊಂಡು ಕೆಳಗಿಳಿದೆ.