ಅಮ್ಮ ಪೋಣಿಸಿದ ಕೊನೆಯ ಪೈಪು

ಗಾಂಧಿ ಬಜಾರಿನ ಕಾಫಿಪುಡಿ ಅಂಗಡಿಯ ಮಹಡಿ ಮೇಲೆ ನಮ್ಮ ವಧೂವರ ಕೇಂದ್ರವಿತ್ತು. ಎಂಬತ್ತರ ದಶಕದ ಕೊನೆಯ ಮಾತು. ಕೆಳಗೆ ಬೀಜ ಹುರಿದರೆ ಸಂಜೆಯವರೆಗೂ ನನ್ನ ಸೀರೆಯಲ್ಲಿ ಅದೇ ಪರಿಮಳ. ಈಗಲೂ ಎಲ್ಲಾದರೂ ಆ ಪರಿಮಳ ಬಂದರೆ ನನಗೆ ಯುನಿಕ್ಸ್ ನೆನಪಾಗುತ್ತದೆ, ನಗಬೇಡಿ. ಕೇಂದ್ರದ ಯಜಮಾನರು ಆಸೆಪಟ್ಟು ತಂದಿಟ್ಟಿದ್ದ ಆ ಯುನಿಕ್ಸ್ ಕಂಪ್ಯೂಟರನ್ನು ನಡೆಸುವವಳು ನಾನು. ಆ ಕೆಲಸ ಅಂದರೆ ಪ್ರಾಣ.

ಅದಕ್ಕೇ ಕುತ್ತು ಬಂದಿತ್ತು. ಮಲ್ಲೇಶ್ವರದ ಒಂದು ಮನೆಯವರು ನನ್ನನ್ನು ನೋಡಿ ಒಪ್ಪಿ, ಮದುವೆಯಾದ ಮೇಲೆ ಕೆಲಸ ಬಿಡಬೇಕು ಅಂದಿದ್ದರು. ಅಪ್ಪನಿಗೆ ಅದು ದೊಡ್ಡ ವಿಷಯವೇ ಅನ್ನಿಸಲಿಲ್ಲ. ನನ್ನ ಸಂಕಟ ಯಾರಿಗೆ ಹೇಳಲಿ? ಆ ಹುಡುಗನ ವಿವರ ನಮ್ಮ ಕೇಂದ್ರದಲ್ಲೂ ಇತ್ತು. ಅಪ್ಪನಿಗೋ ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ. "ಒಂದ್ಸಲ ಅದ್ರಲ್ಲಿ ಹಾಕ್ಸಿ ನೋಡ್ಕೊಂಡು ಬಾ. ಹೊಂದ್ತಾನೆ ಅಂದ್ರೆ ನಾಳೇನೇ ಮಾತು ಕೊಟ್ಬಿಡೋಣ" ಎಂದು ಅಮ್ಮನನ್ನು ಕಳಿಸಿದರು.

ನಮ್ಮ ಹುಡುಕಾಟ ಹಿಟ್ಟು ಜರಡಿ ಹಿಡಿದ ಹಾಗೆ. ಗ್ರೆಪ್ ಅನ್ನುವ ಕಮಾಂಡ್, ಹುಡುಗನಿಗೊಂದು ಸಾಲಿನಂತೆ ವಿವರವಿರುವ ಫೈಲಿನಿಂದ ಬೇಕಾದ ಸಾಲುಗಳನ್ನು ಹೆಕ್ಕುತ್ತದೆ. ಬೇಡದ್ದನ್ನು ಬಿಡು ಅಂದರೆ ಬಿಡುತ್ತದೆ. ಎರಡು ಕಮಾಂಡಿನ ನಡುವೆ ಪೈಪ್ ಅನ್ನುವ ಉದ್ದ ಗೆರೆ ಎಳೆದರೆ ಒಂದು ಜರಡಿಯಲ್ಲಿ ಇಳಿದದ್ದು ಮುಂದಿನದಕ್ಕೆ ಬೀಳುತ್ತದೆ. ಆದರೆ ಒಬ್ಬ ತಾಯಿ ಎರಡು ಷರತ್ತಿಗೇ ಸುಮ್ಮನಾದರೆ ಇನ್ನೊಬ್ಬರದು ಮುಗಿಯುವುದೇ ಇಲ್ಲ. ಹಾಗಾಗಿ ಷರತ್ತು ಕೇಳುತ್ತಾ, ಒಂದೊಂದಕ್ಕೂ ಪೈಪು, ಗ್ರೆಪ್ಪು ಪೋಣಿಸಿ, ಇಡೀ ಕಮಾಂಡನ್ನು ಗಂಟಿನ ಹಾಗೆ ಒಂದು ವೇರಿಯಬಲ್‌ನಲ್ಲಿ ಕಟ್ಟಿ ನಡೆಸುವ ಷೆಲ್ ಸ್ಕ್ರಿಪ್ಟ್ ಅನ್ನುವ ಪುಟ್ಟ ಪ್ರೋಗ್ರಾಂ ಬರೆದಿದ್ದೆ. ಒಂದೇ ಷರತ್ತು ಹಾಕಿ ನೋಡಿ ಬೆನ್ನು ತಟ್ಟಿಕೊಂಡಿದ್ದೆ, ಜಾಣೆ!

ಅಮ್ಮ ಕೂತು ಶುರುಮಾಡಿದಳು. ನಮ್ಮ ಗೋತ್ರ ಬೇಡ, ಡಿಗ್ರಿ ಆಗಿರಬೇಕು, ಬೆಂಗಳೂರಲ್ಲೇ ಇರಬೇಕು, ನಕ್ಷತ್ರ ಕೂಡಿಬರಬೇಕು. ಗುಂಡಿ ಒತ್ತಿದೆ. ಪೈಪಿನ ಗೆರೆಯನ್ನೇ ಫೈಲಿನ ಹೆಸರು ಅಂದುಕೊಂಡ ಗ್ರೆಪ್, ಅದನ್ನು ತೆರೆಯಲಾಗುತ್ತಿಲ್ಲ ಎಂದು ಪರದೆಯ ಮೇಲೆ ಗೊಣಗಿತು.

"ಏನೇ ಅದು, ಬೈತಿದೆಯಾ?" ಅಂದಳು ಅಮ್ಮ.

ಯಜಮಾನರು ಹಿಂದೆಯೇ ನಿಂತಿದ್ದರು. "ಏನಮ್ಮಾ, ನಿಮ್ಮಮ್ಮನ ಮುಂದೇನೇ ನನ್ನ ಮರ್ಯಾದೆ ತೆಗೀತಿದೀಯಲ್ಲ!"

ಮೈಯೆಲ್ಲ ಉರಿಯಿತು. ಅದೇ ಕಮಾಂಡಿನ ಮೊದಲೆರಡು ತುಂಡನ್ನು ಪೈಪಿನ ಸಮೇತ ಕೈಯಲ್ಲೇ ಟೈಪ್ ಮಾಡಿದೆ. ಸಾಲುಗಳು ಸರಸರ ಇಳಿದವು. ಎಲಾ ಇದರ! ಆಗ ಹೊಳೆಯಿತು. ಕಮಾಂಡುಗಳನ್ನು ಓದಿ ನಡೆಸುವ ಷೆಲ್ ಮೊದಲು ಪೈಪುಗಳನ್ನು ಗುರುತಿಸುತ್ತದೆ, ವೇರಿಯಬಲ್ ಬಿಚ್ಚುವುದು ಆಮೇಲೆ. ತಡವಾಗಿ ಹೊರಬಂದ ಪೈಪು ಅದರ ಪಾಲಿಗೆ ಬರೀ ಗೆರೆ. ಆ ವೇರಿಯಬಲ್ಲಿನ ಮುಂದೆ ಇವ್ಯಾಲ್ ಅಂತ ಒಂದು ಪದ ಇಟ್ಟರೆ, ಬಿಚ್ಚಿದ್ದನ್ನು ಮತ್ತೆ ಮೊದಲಿನಿಂದ ಓದಿ ನಡೆಸುತ್ತದೆ. ಇಟ್ಟೆ. ಒತ್ತಿದೆ.

ಒಂದೇ ಒಂದು ಸಾಲು ಬಂತು. ಮಲ್ಲೇಶ್ವರದ ಹುಡುಗ.

"ಸ್ವೀಟ್ ಕೊಡ್ಬೇಕು ನೀವು!" ಎಂದು ಯಜಮಾನರು ಕಾಫಿಗೆ ಹೇಳಲು ಕೆಳಗಿಳಿದರು. ಇಷ್ಟು ಚೆನ್ನಾಗಿ ರಿಪೇರಿ ಮಾಡಿಕೊಂಡದ್ದು ನನ್ನ ಕೆಲಸ ಕಳೆದುಕೊಳ್ಳೋಕಾ? ಅಮ್ಮ ಪರದೆಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳು ಹೋಗಿ ಎಷ್ಟೋ ವರ್ಷವಾದರೂ ಆ ನೋಟ ಇನ್ನೂ ಹಾಗೇ ಕಣ್ಣಮುಂದಿದೆ.

"ಇದಕ್ಕೆ ಇನ್ನೂ ಸೇರಿಸ್ಬಹುದೇನೇ?"

"ಎಷ್ಟು ಬೇಕಾದ್ರೂ."

"ಕೆಲಸ ಬಿಡು ಅನ್ನೋ ಮನೆ ಬೇಡ ಅಂತ ಹಾಕು."

"ಅಂಥ ಕಾಲಂ ಇಲ್ಲಮ್ಮ."

ಅಮ್ಮ ಪರದೆಯ ಆ ಒಂದು ಸಾಲಿನ ಕಡೆ ಬೆರಳು ಮಾಡಿದಳು. "ಯಾವ ಏರಿಯಾ ಅಂತ ಕಾಲಂ ಇದೆಯಾ?"

"ಇದೆ."

"ಹಾಗಾದ್ರೆ ಮಲ್ಲೇಶ್ವರ ಬೇಡ ಅಂತ ಹಾಕು."

ಇನ್ನೊಂದು ಪೈಪು ಸೇರಿತು. ಈ ಸಲ ಪರದೆಯಲ್ಲಿ ಒಂದು ಹೆಸರೂ ಬರಲಿಲ್ಲ.

"ಅಪ್ಪಂಗೆ ಏನು ಹೇಳ್ತೀಯಮ್ಮ?"

ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಸುಳ್ಳು ಯಾಕೇ ಹೇಳ್ಲಿ? ನಾನು ಕೇಳಿದ್ದಕ್ಕೆಲ್ಲಾ ಹೊಂದೋ ಹುಡುಗ ಯಾರೂ ಇಲ್ಲ ಅಂತು ಕಂಪ್ಯೂಟರ್, ಅಂತೀನಿ."