ಕೆಳಗಿನ ಸಾಲಿನ ಗೂಟ

ಕುರುಗೋಡಿನ ನನ್ನ ತವರುಮನೆಯಲ್ಲಿ ಬಟ್ಟೆ ತೂಗುಹಾಕುವ ಗೂಟಗಳೆಲ್ಲ ಗೋಡೆಯ ಅರ್ಧಕ್ಕೇ ಇದ್ದವು. ಅಜ್ಜಿ, ಅಪ್ಪ, ನಾನು, ಮೂವರೂ ಮೂರೂವರೆ ಅಡಿಯವರು. ವಂಶದಲ್ಲೇ ಇಳಿದುಬಂದದ್ದು: ಕೈಕಾಲು ಗಿಡ್ಡ, ಬೆರಳು ಮೋಟು, ನಾಲಿಗೆ ಮಾತ್ರ ಉದ್ದ. ಎತ್ತರದ ನೆಂಟರು ಅಂಗಿ ತೂಗುಹಾಕಲು ನಡು ಬಗ್ಗಿಸಬೇಕಾಗುತ್ತಿತ್ತು. ಬಗ್ಗಲಿ ಬಿಡು, ಅನ್ನುತ್ತಿದ್ದಳು ಅಜ್ಜಿ.

ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ಮೇಲೆ ನನ್ನ ಜಂಬ ಇಳಿಯಿತು. ನನ್ನನ್ನು ಮೆಚ್ಚಿ ಕಟ್ಟಿಕೊಂಡವರು ಆರಡಿ ಆಳು. ಅತ್ತೆಯೂ ಅಷ್ಟೇ ಎತ್ತರ, ಬಾಯಲ್ಲಂತೂ ಮಗನಿಗಿಂತ ಒಂದು ಗೇಣು ಹೆಚ್ಚು. ಅಲ್ಲಿನ ಗೂಟಗಳು ತೊಲೆಯ ಪಕ್ಕದಲ್ಲಿದ್ದವು. ಒಂದನ್ನಾದರೂ ಇಳಿಸಿ ಹೊಡೆಸಿ ಅಂದೆ. ಸೊಸೆ ಬೇಕಾದರೆ ಬೆಳೆಯಲಿ, ಗೂಟ ಇಳಿಯುವುದಿಲ್ಲ ಎಂದು ಅತ್ತೆ ಒಂದು ಸ್ಟೂಲು ತಳ್ಳಿದರು. ಸೀರೆಗಾಗಿ ನಾನು ಅದನ್ನು ಹತ್ತಿದಾಗಲೆಲ್ಲ, ಮೇಲೆ ಗಾಳಿ ಹೇಗಿದೆ ಎಂದು ಕೇಳುತ್ತಿದ್ದರು.

ಬಸುರಾದೆ. ಮಗು ನಿಮ್ಮಂತೆ ಆಗಲೂಬಹುದು, ಆಗದೆಯೂ ಇರಬಹುದು ಎಂದರು ಬಳ್ಳಾರಿಯ ಡಾಕ್ಟರಮ್ಮ. ನನ್ನಂತೆ ಬದುಕುವುದಕ್ಕೆ ನನಗೇನೂ ಭಯವಿರಲಿಲ್ಲ. ಅತ್ತೆ ಆ ಮಗುವನ್ನು ಎತ್ತಿಕೊಳ್ಳುತ್ತಾರೋ ಇಲ್ಲವೋ ಎಂಬುದೇ ಭಯ.

ಬಳ್ಳಾರಿ ಕಂಟೋನ್ಮೆಂಟಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೆಣ್ಣುಕೂಸನ್ನು ಹೊರತೆಗೆದರು. ಮೂರನೆಯ ದಿನ ಅತ್ತೆ ಬಂದರು. ಕೂಸಿನ ಮುಷ್ಟಿ ಬಿಡಿಸಿ ಮೋಟು ಬೆರಳು ನೋಡಿದರು, ನನ್ನ ಬೆರಳು ನೋಡಿದರು. ಅಂಥ ಮಾತುಗಾರ್ತಿ, ಒಂದು ಮಾತೂ ಆಡದೆ ಸೆರಗು ಸರಿಮಾಡಿಕೊಂಡು ಸಿರುಗುಪ್ಪದ ಬಸ್ಸಿಗೆ ಹೊರಟುಬಿಟ್ಟರು.

ಐದು ತಿಂಗಳು ತವರಲ್ಲಿ ಆ ಮೌನವನ್ನೇ ಮೆಲುಕು ಹಾಕಿದೆ. ಗಂಡ ಬಂದಾಗಲೆಲ್ಲ ಅವ್ವ ಚೆನ್ನಾಗಿದ್ದಾಳೆ ಅನ್ನುತ್ತಿದ್ದರೇ ಹೊರತು ಬೇರೆ ಸುದ್ದಿಯಿಲ್ಲ. ನನಗೆ ಸಿಟ್ಟೂ ಬಂತು, ರಾತ್ರಿಯೆಲ್ಲ ಅಳುವೂ ಬಂತು.

ಕೂಸಿನ ತಲೆಗೆ ಹೊಸ ಕುಂಚಿಗೆ ಕಟ್ಟಿ, ಜಗಳಕ್ಕೆ ಸಿದ್ಧಳಾಗಿಯೇ ಗಂಡನ ಮನೆಗೆ ಮರಳಿದೆ. ಪಡಸಾಲೆಗೆ ಕಾಲಿಟ್ಟು ನಿಂತುಬಿಟ್ಟೆ. ನನ್ನ ಭುಜದ ಎತ್ತರಕ್ಕೆ ಹೊಸ ಗೂಟಗಳ ಸಾಲು. ಅದರ ಕೆಳಗೆ, ನೆಲದಿಂದ ಎರಡು ಗೇಣಿಗೆ, ಇನ್ನೊಂದೇ ಒಂದು. ಸ್ಟೂಲು ಎಲ್ಲೂ ಕಾಣಲಿಲ್ಲ.

ಆಸ್ಪತ್ರೆಯಲ್ಲಿ ಯಾಕೆ ಮಾತಾಡಲಿಲ್ಲ ಎಂದು ಕೇಳಿಯೇಬಿಟ್ಟೆ.

"ಬಾಯಿ ತಗದಿದ್ರ ಅಳು ಬರ್ತಿತ್ತು. ಈ ಕೂಸಿಗೂ ಸ್ಟೂಲ್ ಹತ್ತಸ್ತೀನೇನಪಾ ಅಂತ ನನ್ನ ಮ್ಯಾಲೇ ನಂಗ ಹೇಸಿಗಿ ಆತು," ಅಂದರು ಅತ್ತೆ.

ಕೂಸನ್ನು ನನ್ನ ಕೈಯಿಂದ ಕಿತ್ತುಕೊಂಡು ಸೊಂಟಕ್ಕೇರಿಸಿದರು. ಕುಂಚಿಗೆ ಬಿಚ್ಚಿ, ಅಯ್ಯೋ ಅಪ್ಪಾ ಎನ್ನುತ್ತ ನಡು ಬಗ್ಗಿಸಿ, ಅದನ್ನು ಕೆಳಗಿನ ಗೂಟಕ್ಕೆ ತೂಗುಹಾಕಿದರು.

"ಇಷ್ಟ ದಿನ ನೀ ಹತ್ತಿದಿ," ಅಂದರು. "ಇನ್ನ ನಾ ಬಗ್ಗತೀನಿ."