ಮುಖ ನೋಡಿ ನಂಬರ್ ಹಾಕೋ ನಂಬರಪ್ಪ

ಬೆಳಕು ಇನ್ನೂ ಕಿಟಕಿ ಗಾಜಿಗೆ ಅಂಟಿಲ್ಲ. ಆಸ್ಪತ್ರೆಯ ಗಂಡಸರ ವಾರ್ಡಿನ ಬಾಗಿಲು ಕಿರ್ ಅನ್ನುತ್ತೆ. ಹಿಂದೇನೇ ಒಂದು ತಳ್ಳುಗಾಡಿ ಒಳಗೆ ಬರುತ್ತೆ. ಅದರ ಮೂರು ಚಕ್ರ ಹೇಳಿದ ಮಾತು ಕೇಳ್ತವೆ, ನಾಲ್ಕನೇದು ಮನೆ ಅಳಿಯನ ಥರ, ತನಗೆ ಬೇಕಾದ ಕಡೆ ಹೋಗುತ್ತೆ. ಗಾಡಿ ಮೇಲೆ ಬಿಸಿನೀರಿನ ಜಗ್ಗು, ಮಡಿಸಿದ ಟವೆಲ್ಲುಗಳು, ಸೋಪಿನ ಬಟ್ಟಲು, ಬ್ರಷ್ಷು, ಒಂದು ತುಂಡು ಪಟಿಕ. ಗಾಡಿ ಹಿಂದೆ ನಂಬರಪ್ಪ. ಇದು ಹೆತ್ತವರು ಇಟ್ಟ ಹೆಸರಲ್ಲ, ಹಾಸಿಗೆ ಹಿಡಿದವರು ಇಟ್ಟ ಹೆಸರು.

ಮೊದಲ ಮಂಚದ ಪಕ್ಕ ನಿಂತು ನಂಬರಪ್ಪ ರೇಜರ್ ಕೈಗೆ ತಗೋತಾರೆ. ಹಳೇ ಕಾಲದ್ದು, ತೂಕದ್ದು, ಮೇಲಿನ ಹೊಳಪೆಲ್ಲ ಉಜ್ಜಿ ಉಜ್ಜಿ ಹೋಗಿದೆ. ಹಿಡಿಯ ಕೊರಳಲ್ಲಿ ಒಂದು ಬಳೆ ಇದೆ, ಅದರ ಮೇಲೆ ಒಂದರಿಂದ ಒಂಬತ್ತರವರೆಗೆ ಅಂಕಿ. ಬಳೆ ತಿರುಗಿಸಿದರೆ ಒಂದೊಂದು ಅಂಕಿಗೂ ಟಿಕ್ ಅನ್ನುತ್ತೆ. ಒಂದರಲ್ಲಿ ಬ್ಲೇಡು ಹೊಸಿಲ ಹಿಂದೆ ನಿಂತ ಹೊಸ ಸೊಸೆ ಥರ, ಅಂಚು ಅಷ್ಟೇ ತೋರಿಸುತ್ತೆ. ಒಂಬತ್ತಕ್ಕೆ ಬಂದರೆ ಅದೇ ಬ್ಲೇಡು ಹಳೇ ಅತ್ತೆ, ಸಿಕ್ಕಿದ್ದನ್ನ ಕಚ್ಚದೆ ಬಿಡಲ್ಲ.

ಟಿಕ್, ಟಿಕ್, ಟಿಕ್. ವಾರ್ಡು ಮಲಗಿರೋ ಹಾಗೆ ಕಾಣುತ್ತೆ. ಮಲಗಿಲ್ಲ. ಎಲ್ಲ ಮಂಚದಲ್ಲೂ ಕಿವಿಗಳು ಎದ್ದು ಕೂತು ಎಣಿಸ್ತಾ ಇವೆ.

ದೂರದ ಬೆಟ್ಟ ನುಣ್ಣಗೆ ಅಂತಾರೆ. ಹತ್ತಿರದ ಗಲ್ಲ ನುಣ್ಣಗೆ ಮಾಡೋದು ಎಷ್ಟು ಕಷ್ಟ ಅಂತ ಇವರನ್ನ ಕೇಳಬೇಕು. ಕೆಲವು ಗಲ್ಲ ಒಳಗೆ ಕುಸಿದಿರುತ್ತೆ, ಕೆಲವು ಊದಿರುತ್ತೆ, ಕೆಲವರ ಬಾಯಿ ಮುಚ್ಚಲ್ಲ, ಕೆಲವರ ಕತ್ತು ನಿಲ್ಲಲ್ಲ. ಬಿಸಿ ಟವೆಲ್ ಮುಚ್ಚಿ, ನೊರೆ ಹಚ್ಚಿ, ಎಡಗೈ ಹೆಬ್ಬೆರಳಲ್ಲಿ ಚರ್ಮ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ರೇಜರನ್ನ ಇಳಿಬಿಡ್ತಾರೆ. ಒತ್ತಲ್ಲ. "ರೇಜರಿಗೆ ಅದರದ್ದೇ ಭಾರ ಇದೆ, ನಾವು ನಮ್ಮ ಭಾರ ಸೇರಿಸಬಾರದು," ಅಂತಾರೆ. ಒಬ್ಬೊಬ್ಬರಿಗೂ ಹೊಸ ಬ್ಲೇಡು, ಮಧ್ಯೆ ಔಷಧಿ ನೀರಲ್ಲಿ ರೇಜರಿಗೆ ಸ್ನಾನ. ಬೆಳಗಿನ ತಿಂಡಿ ಬರೋದರೊಳಗೆ ಹದಿನಾಲ್ಕು ಮುಖ. ಜಗತ್ತಿನಲ್ಲಿ ಯಾರ ಮೂಗನ್ನ ಬೇಕಾದರೂ ಹಿಡಿದು ಆಚೆ ಈಚೆ ತಿರುಗಿಸೋ ಹಕ್ಕು ಇರೋದು ಇವರೊಬ್ಬರಿಗೇ. ಡಾಕ್ಟರ ಮೂಗಿಗೂ ಇವರು ಒಮ್ಮೆ ಆ ಗೌರವ ಸಲ್ಲಿಸಿದ್ದಾರೆ.

ಮೊದಲು ಇವರದ್ದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಅಂಗಡಿ. ಗಿರಾಕಿಗಳು ಕಾಯೋಕೆ ಒಂದು ಬೆಂಚು, ಜಗಳ ಆಡೋಕೆ ಒಂದು ಪೇಪರು. ಆಮೇಲೆ ಕಾಲ ತಿರುಗಿತು. ಊರಿನ ಹುಡುಗರೆಲ್ಲ ಗಡ್ಡ ಬಿಟ್ಟರು, ನಂಬರಪ್ಪ ಅಂಗಡಿ ಬಿಟ್ಟರು. ಗಡ್ಡ ಹೆರೆಸಿಕೊಳ್ಳೋಕೆ ಬರ್ತಿದ್ದವರೆಲ್ಲ ಅದಕ್ಕೆ ಎಣ್ಣೆ ಹಚ್ಚಿ ಸಾಕೋಕೆ ಶುರು ಮಾಡಿದರು. ಕಡೆಗೆ ಉಳಿದ ಗಿರಾಕಿಗಳು ಮುದುಕರು. ಅವರು ಅಂಗಡಿಗೆ ಬರೋದು ನಿಲ್ಲಿಸಿ ಆಸ್ಪತ್ರೆಗೆ ಹೋಗೋಕೆ ಹತ್ತಿದರು, ಅವರ ಹಿಂದೆ ಇವರೂ ಬಂದರು.

ಇದು ಮನೆಗೆ ವಾಪಸ್ ಹೋಗೋರು ಕಮ್ಮಿ ಇರೋ ವಾರ್ಡು. ಬಂದ ಹೊಸದರಲ್ಲಿ ನಂಬರಪ್ಪನಿಗೆ ಒಂದು ಯೋಚನೆ ಹೊಳೀತು, ಇವರನ್ನೆಲ್ಲ ಸ್ವಲ್ಪ ನಗಿಸಬೇಕು ಅಂತ. ಗಡಸು ಕೂದಲಿನವರಿಗೆ ಬ್ಲೇಡು ಜಾಸ್ತಿ ತೆರೀಬೇಕು, ನಯ ಚರ್ಮದವರಿಗೆ ಕಮ್ಮಿ. ಮುಖ ನೋಡಿ ಮಣೆ ಹಾಕೋರು ಊರ ತುಂಬ ಇದ್ದಾರೆ, ಇವರು ಮುಖ ನೋಡಿ ನಂಬರ್ ಹಾಕಿದರು. ದಿಂಬಿನ ಹತ್ತಿರ ರೇಜರ್ ತಂದು, ಬಳೆಯನ್ನ ಒಂದರ ಹಿಂದಿನಿಂದ ಟಿಕ್ ಟಿಕ್ ಅಂತ ಏರಿಸಿ, ಹರಾಜು ಕೂಗೋ ಹಾಗೆ ಹೇಳೋರು. ಯಜಮಾನ್ರದ್ದು ಐದು, ಮೇಷ್ಟ್ರದ್ದು ನಾಲ್ಕು. ಗಂಡಸರಿಗೆ ಇಷ್ಟು ಸಾಕಲ್ಲ, ಪೈಪೋಟಿ ಶುರುವಾಯ್ತು. ನಾಲ್ಕಿನವರು ಐದಿನವರನ್ನ ಕಂಡು ಕರುಬಿದರು. ಎದ್ದು ಕೂರೋಕೆ ಆಗದವರು ಕೂಡ ಗದ್ದ ಮುಂದೆ ಮಾಡಿ, ನನ್ನದು ಇನ್ನೊಂದು ಏರಿಸಿ ಮಾರಾಯ್ರೇ ಅಂತ ಕೇಳ್ಕೊಂಡರು.

ಹಾಳು ಮಾಡಿದ್ದು ಲೆಕ್ಕದ ಮೇಷ್ಟ್ರು. ಕಿಟಕಿ ಪಕ್ಕದ ಮಂಚದವರು. ಜೀವಮಾನವೆಲ್ಲ ಮಕ್ಕಳಿಗೆ ಕೂಡೋದು ಕಳೆಯೋದು ಕಲಿಸಿದವರು, ಇಲ್ಲಿ ಸುಮ್ಮನೆ ಮಲಗಿ ಕೇಳಿಸಿಕೊಂಡರು. ದೇಹ ಇಳಿದ ಹಾಗೆ ಚರ್ಮ ತೆಳುವಾಗುತ್ತೆ. ಚರ್ಮ ತೆಳುವಾದ ಹಾಗೆ ನಂಬರಪ್ಪ ಬಳೆ ಇಳಿಸ್ತಾರೆ. ಐದು ಇದ್ದೋರು ಮೂರಕ್ಕೆ ಬರ್ತಾರೆ, ಮೂರು ಇದ್ದೋರು ಒಂದಕ್ಕೆ. ಒಂದಾದ ಮೇಲೆ ಸ್ವಲ್ಪ ದಿನಕ್ಕೆ ಆ ಮಂಚಕ್ಕೆ ಹೊಸ ಹಾಸು ಬೀಳುತ್ತೆ. ಮೇಷ್ಟ್ರು ಇದನ್ನ ಒಂದಿನ ಮಧ್ಯಾಹ್ನ, ಮಗ್ಗಿ ಹೇಳೋ ಧ್ವನಿಯಲ್ಲಿ, ಎಲ್ಲರಿಗೂ ಕೇಳೋ ಹಾಗೆ ಹೇಳಿಬಿಟ್ಟರು. ಡಾಕ್ಟರು ಮುಚ್ಚಿಟ್ಟಿದ್ದನ್ನ ಕ್ಷೌರದವನು ದಿನಾ ಬೆಳಿಗ್ಗೆ ಡಂಗುರ ಸಾರ್ತಾ ಇದ್ದ ಹಾಗಾಯ್ತು.

"ನಗಿಸೋಕೆ ಹೋಗಿ ಜವರಾಯನ ಗಂಟೆ ಕಟ್ಕೊಂಡೆ," ಅಂತಾರೆ ನಂಬರಪ್ಪ. ನಂಬರ್ ಕೂಗೋದನ್ನ ಆವತ್ತೇ ನಿಲ್ಲಿಸಿದರು. ಆದರೆ ಬಳೆ ಮೂಗಿ ಅಲ್ಲ. ಒಂದೆರಡು ದಿನ ಬಾಗಿಲಾಚೆ ತಿರುಗಿಸಿ ತಂದರು. ಅದು ಇನ್ನೂ ಕೆಟ್ಟದಾಯ್ತು, ಟಿಕ್ ಕೇಳದೆ ಇದ್ದೋರು ತಮಗೆ ತಾವೇ ಒಂದು ಅಂದ್ಕೊಂಡು ಗೋಡೆ ಕಡೆ ತಿರುಗಿ ಮಲಗಿದರು. ಮತ್ತೆ ದಿಂಬಿನ ಹತ್ತಿರವೇ ತಿರುಗಿಸಬೇಕಾಯ್ತು.

ಹೀಗಿರೋವಾಗ ಮೂಲೆ ಮಂಚಕ್ಕೆ ಲೇತ್ ಮಿಸ್ತ್ರಿ ಬಂದರು. ಕಾರ್ಖಾನೆಯಲ್ಲಿ ಲೇತ್ ಮಷಿನ್ ಮುಂದೆ ನಿಂತೇ ಮುಪ್ಪಾದವರು. ಹೆಂಡತಿ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಇರೋದು ಒಬ್ಬ ತಮ್ಮ. ಆ ತಮ್ಮನೇ ನಂಬರಪ್ಪ. ಅಣ್ಣನ ಗಡ್ಡ ಅಂದರೆ ಗಡ್ಡ ಅಲ್ಲ, ತಂತಿ ಬೇಲಿ. ಮೊದಲ ದಿನ ನಂಬರಪ್ಪ ಬಳೆ ತಿರುಗಿಸಿದಾಗ ಏಳು ಟಿಕ್ ಕೇಳಿ ಸುತ್ತಲಿನ ತಲೆಗಳೆಲ್ಲ ದಿಂಬಿನಿಂದ ಮೇಲೆದ್ದವು. ಈ ವಾರ್ಡು ಏಳು ಕಂಡೇ ಇರಲಿಲ್ಲ.

ಅಣ್ಣನ ಬಾಯಿ ಕೂಡ ಏಳನೇ ನಂಬರಿನದ್ದೇ. ಕಬ್ಬಿಣ ಕೊರೆಯೋನು ನಾನು, ಕೂದಲು ಕೆರೆಯೋನು ನೀನು ಅಂತ ತಮ್ಮನನ್ನ ಚಿಕ್ಕಂದಿನಿಂದ ಕಾಡಿಸಿದವರು. ಇಲ್ಲಿ ದಿನಾ ಬೆಳಿಗ್ಗೆ ಟಿಕ್ಕುಗಳು ಮುಗಿದ ತಕ್ಷಣ, ಏಳು ಅಂದರೆ ಎದ್ದೇಳು ಅಂತ ಕಣ್ರೋ, ಅಂತ ಕೂಗೋರು. ಕೆಲವರು ನಿಜವಾಗಲೂ ಏಳೋರು. ನಾಲ್ಕರಿಂದ ಎರಡಕ್ಕೆ ಇಳಿದಿದ್ದ ಮೇಷ್ಟ್ರು ಒಮ್ಮೆ ನಂಬರಪ್ಪನ ತೋಳು ಹಿಡಿದು ಮೆಲ್ಲಗೆ ಹೇಳಿದ್ದರು: "ಆ ಏಳು ಕೇಳಿಸಿಕೊಂಡ ಮೇಲೇನೇ ಕಣಪ್ಪ ನಾನು ಕಣ್ಣು ಬಿಡೋದು."

ಈಗ ಆ ಏಳಕ್ಕೆ ಕುತ್ತು ಬಂದಿದೆ. ಮಿಸ್ತ್ರಿಗೆ ರಕ್ತ ತೆಳುವಾಗೋ ಔಷಧಿ ಶುರುವಾಗಿದೆ, ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿದೆ. ಸಣ್ಣ ಗೀರು ಬಿದ್ದರೂ ರಕ್ತ ನಿಲ್ಲಲ್ಲ. ದೊಡ್ಡ ಸಿಸ್ಟರ್ ನಂಬರಪ್ಪನನ್ನ ಔಷಧಿ ಕೋಣೆಗೆ ಕರೆದು, ಮೂಲೆ ಮಂಚಕ್ಕೆ ಇನ್ನು ಮುಂದೆ ಒಂದೇ, ಅದಕ್ಕಿಂತ ಒಂದು ಟಿಕ್ ಮೇಲೆ ಹೋಗಬಾರದು ಅಂತ ಹೇಳಿದರು. ಬೇಡ ಅಂದರೆ ಗಡ್ಡ ಹಾಗೇ ಬಿಡಿ ಅಂತಲೂ ಅಂದರು. ಕೆಟ್ಟ ಮನಸ್ಸಿನವರಲ್ಲ. ಹೇಳೋವಾಗ ಬಾಟಲಿಗಳ ಕಡೆ ನೋಡ್ತಾ ಹೇಳಿದರು.

ನಂಬರಪ್ಪ ಎರಡು ದಿನ ಗಡ್ಡ ಹಾಗೇ ಬಿಟ್ಟರು. ಬಿಸಿನೀರು ಮುಗೀತು, ಬ್ಲೇಡು ಮುಗೀತು ಅಂತ ನೆಪ ಹೇಳಿದರು. ಅಣ್ಣ ಕೆನ್ನೆ ಕೆರ್ಕೊಂಡು, ಊರ ಗಡ್ಡವೆಲ್ಲ ತೆಗೆದು ನನ್ನ ಮುಖ ಮುಳ್ಳುಹಂದಿ ಮಾಡಿದ್ದೀಯಲ್ಲೋ ಅಂತ ಬೈದರು. ಮೂಲೆಯಿಂದ ಏಳು ಕೇಳದ ಎರಡು ಬೆಳಗು ವಾರ್ಡಿನಲ್ಲಿ ಯಾರೂ ದಿಂಬಿನಿಂದ ತಲೆ ಎತ್ತಲಿಲ್ಲ. ಮೇಷ್ಟ್ರು ತಿಂಡಿ ಮುಟ್ಟಲಿಲ್ಲ.

ನಿನ್ನೆ ಸಂಜೆ ನಂಬರಪ್ಪ ಅಡುಗೆಮನೆಯಲ್ಲಿ ಹೆಂಡತಿಯನ್ನ ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿ ಅಭ್ಯಾಸ ಮಾಡಿದರು. ಬಳೆಯನ್ನ ಏಳರವರೆಗೂ ಕೇಳೋ ಹಾಗೆ ಏರಿಸೋದು. ಆಮೇಲೆ ಒದ್ದೆ ಟವೆಲ್ಲಿನೊಳಗೆ ಹಿಡಿದು, ಇನ್ನೊಂದು ಕೈಯಲ್ಲಿ ಬ್ರಷ್ಷನ್ನ ಬಟ್ಟಲಿಗೆ ಕುಟ್ಟಿ ಸದ್ದು ಮಾಡ್ತಾ, ಒಂದಕ್ಕೆ ಇಳಿಸೋದು. ಹೆಂಡತಿ ಪ್ರತಿ ಸಲವೂ ಏಳು ಅಂದರು. ಕಡೆಗೆ ತಿರುಗಿ ನೋಡಿ ಅಂದರು: "ನನಗೆ ಇಷ್ಟು ವರ್ಷ ಹೇಳಿದ ಸುಳ್ಳೆಲ್ಲ ಹಿಂಗೆ ನೀಟಾಗಿ ಇದ್ದಿದ್ರೆ ನಾವು ಜಗಳಾನೇ ಆಡ್ತಿರಲಿಲ್ಲ. ಆದ್ರೆ ಭಾವನ ಕಿವಿ ನನ್ನ ಕಿವಿ ಅಲ್ಲ, ನೋಡ್ಕೊಳ್ಳಿ."

ಇವತ್ತು ಗಾಡಿ ಮೂಲೆ ಮಂಚಕ್ಕೆ ಬರೋ ಹೊತ್ತಿಗೆ ಕಿಟಕಿ ಬೂದಿ ಬಣ್ಣಕ್ಕೆ ತಿರುಗಿದೆ. ನಂಬರಪ್ಪ ಅಣ್ಣನ ದಿಂಬಿನ ಪಕ್ಕ ನಿಂತು ಬಳೆ ತಿರುಗಿಸ್ತಾರೆ. ಏಳೂ ಕೇಳುತ್ತೆ. ಅಣ್ಣ ಎದ್ದೇಳು ಅಂತ ಕೂಗಲ್ಲ, ಉಸಿರು ಸಾಲಲ್ಲ, ಕೈ ಮಾತ್ರ ಎತ್ತಿ ತೋರಿಸ್ತಾರೆ. ಕಿಟಕಿ ಪಕ್ಕ ಮೇಷ್ಟ್ರು ಕಣ್ಣು ಬಿಡ್ತಾರೆ. ನಂಬರಪ್ಪ ಬ್ರಷ್ಷು ಕುಟ್ಟುತ್ತಾರೆ, ಟವೆಲ್ಲಿನೊಳಗೆ ಹೆಬ್ಬೆರಳು ತನ್ನ ಕೆಲಸ ಮಾಡುತ್ತೆ. ನೊರೆ ಹಚ್ಚಿ ರೇಜರ್ ಇಳಿಬಿಡ್ತಾರೆ.

ಟಿಕ್ಕಿಗೆ ಸುಳ್ಳು ಕಲಿಸಿದ್ದರು, ಬ್ಲೇಡಿಗೆ ಕಲಿಸೋಕೆ ಮರೆತಿದ್ದರು. ಏಳರಲ್ಲಿ ಆ ಗಡ್ಡ ಚರ್ ಚರ್ ಅಂತ ಸದ್ದು ಮಾಡ್ತಾ ಒಂದೇ ಎಳೆತಕ್ಕೆ ಬರ್ತಿತ್ತು. ಒಂದರಲ್ಲಿ ಬ್ಲೇಡು ಪಿಸುಗುಟ್ಟುತ್ತೆ. ತುದಿ ಹೋಗುತ್ತೆ, ಬುಡ ಉಳಿಯುತ್ತೆ. ಮತ್ತೆ ನೊರೆ, ಮತ್ತೆ ಎಳೆತ, ಮತ್ತೆ ನೊರೆ. ಉಪಕರಣ ಲೋಹಕ್ಕೆ ಎಷ್ಟು ಕಚ್ಚಿದೆ ಅನ್ನೋದನ್ನ ಸದ್ದಿನಲ್ಲೇ ಅಳೆದು ಬಾಳಿದ ಮನುಷ್ಯ ಕಣ್ಣು ಮುಚ್ಚಿ ಕೇಳಿಸಿಕೊಳ್ತಾ ಇದ್ದಾರೆ. ಮೂರನೇ ಸಲ ನೊರೆ ಹಚ್ಚೋವಾಗ ಅವರ ಕಣ್ಣು ತೆರೆಯುತ್ತೆ.

"ಎಷ್ಟರಲ್ಲಿ ಇಟ್ಟಿದ್ದೀಯೋ?" ಅಂತ ಕೇಳ್ತಾರೆ, ಮೆಲ್ಲಗೆ.

"ಏಳೇ ಅಣ್ಣ."

ಅಣ್ಣ ತಮ್ಮನ ಮುಖಾನೇ ನೋಡ್ತಾರೆ. ತಮ್ಮ ಅಣ್ಣನ ಗದ್ದ ಮಾತ್ರ ನೋಡ್ತಾರೆ. ಹೇಳಿದ್ದು ಸುಳ್ಳು ಅಂತ ಇಬ್ಬರಿಗೂ ಗೊತ್ತು. ಆ ಸುಳ್ಳಿನ ಹಿಂದೆ ಏನಿದೆ ಅಂತಾನೂ ಈಗ ಇಬ್ಬರಿಗೂ ಗೊತ್ತು.

ಆಗ ಅಣ್ಣ ಎಲ್ಲಿಂದಲೋ ಉಸಿರು ಒಟ್ಟುಮಾಡಿ, ಕಿಟಕಿ ಪಕ್ಕದವರೆಗೂ ಕೇಳೋ ಹಾಗೆ ಬೈತಾರೆ: "ಹಾಳಾದೋನೇ, ಏಳು ಇವತ್ತು ಯಾಕೋ ಜಾಸ್ತಿ ಕಚ್ತಾ ಇದೆ. ನಿಧಾನಕ್ಕೆ ಎಳಿ."

ಮೇಷ್ಟ್ರು ನಗೋದು ಕೇಳುತ್ತೆ. ಯಾರೋ ಲೋಟ ಕೇಳ್ತಾರೆ, ಯಾರೋ ದಿಂಬು ಎತ್ತಿಸಿಕೊಳ್ತಾರೆ. ವಾರ್ಡು ಎದ್ದಿತು. ಆ ಗದ್ದಲದಲ್ಲಿ ಅಣ್ಣ ತಮ್ಮನ ಮೊಣಕೈ ಹಿಡಿದು ಹತ್ತಿರಕ್ಕೆ ಎಳ್ಕೊಂಡು, ಒಂದರಲ್ಲೇ ಪೂರ್ತಿ ಮಾಡು, ನನಗೇನು ಅವಸರ ಇಲ್ಲ ಅಂತಾರೆ. ಇನ್ನೊಂದು ಮಾತೂ ಸೇರಿಸ್ತಾರೆ. ಟಿಕ್ಕು ಮಾತ್ರ ಏಳೇ ಇರಲಿ, ಮೇಷ್ಟ್ರು ತಿಂಡಿ ತಿನ್ನಬೇಕು.

ನಂಬರಪ್ಪ ಗಂಟಲಿನ ಮಡಿಕೆಗಳನ್ನ ಒಂದೊಂದೇ ಬಿಡಿಸಿ, ಹೆಬ್ಬೆರಳಲ್ಲಿ ಹಿಡಿದು, ಕೂದಲೆಳೆ ಜಾಗ ಬಿಡದೆ ಮುಗಿಸ್ತಾರೆ. ಬೇರೆಯವರಿಗೆ ಹಿಡಿಯೋ ಹೊತ್ತಿನ ಮೂರರಷ್ಟು ಹಿಡಿಯುತ್ತೆ. ತಣ್ಣೀರು ಒತ್ತಿ, ಪಟಿಕ ಸವರಿ, ಬಿಳೀ ಟವೆಲ್ಲಿನಿಂದ ಒರೆಸ್ತಾರೆ. ದೊಡ್ಡ ಸಿಸ್ಟರ್ ಬಂದು ಟವೆಲ್ ಕೈಗೆ ತಗೊಂಡು ಆಚೆ ಈಚೆ ತಿರುಗಿಸಿ ನೋಡ್ತಾರೆ. ಕೆಂಪು ಎಲ್ಲೂ ಇಲ್ಲ. ಟವೆಲ್ ವಾಪಸ್ ಮಡಿಸಿ ಗಾಡಿ ಮೇಲೆ ಇಟ್ಟು, ಮುಂದಿನ ಮಂಚಕ್ಕೆ ಹೋಗ್ತಾರೆ.

ಮುಖಗಳೆಲ್ಲ ಮುಗಿದ ಮೇಲೆ ನಂಬರಪ್ಪ ಹೊರಗಿನ ತೊಟ್ಟಿಯಲ್ಲಿ ರೇಜರ್ ಬಿಚ್ಚಿ ತೊಳೀತಾರೆ. ಬ್ಲೇಡು ಡಬ್ಬಿಗೆ, ಬ್ರಷ್ಷು ತಲೆಕೆಳಗು, ಏಪ್ರನ್ ಮೊಳೆಗೆ. ನೀರು ಹರಿಯೋ ಸದ್ದಿನಲ್ಲಿ ಮೂಗು ಒರೆಸ್ಕೊಂಡರೆ ಯಾರಿಗೂ ಕೇಳಲ್ಲ. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಮುಖ ಕೈ ದಾಟಿ ಹೋಗಿವೆಯೋ, ಲೆಕ್ಕ ಇಟ್ಟಿಲ್ಲ. ಆಸೆ ಏನಾದರೂ ಇದೆಯಾ ಅಂತ ಕೇಳಿದರೆ ಅಂಗಡಿ ಅಂತಾರೇನೋ, ಹೊಸ ಗಾಡಿ ಅಂತಾರೇನೋ ಅಂದ್ಕೋಬಹುದು. ಅವರು ಕೈ ಒರೆಸ್ಕೋತಾ ಬಾಗಿಲಿನ ಗಾಜಿನೊಳಗಿಂದ ಮೂಲೆ ಮಂಚ ನೋಡ್ತಾರೆ.

"ಅಷ್ಟು ನುಣ್ಣಗೆ ಮಾಡಿ ಬಂದಿದ್ದೀನಿ. ನಾಳೆ ಬೆಳಿಗ್ಗೆ ಕೈ ಇಟ್ಟಾಗ ಅಣ್ಣನ ಕೆನ್ನೆ ಮತ್ತೆ ಚುಚ್ಚಬೇಕು, ಅಷ್ಟೇ."